ಎಕ್ಸ್‌ಪೋರ್ಟ್ ಕ್ವಾಲಿಟಿ ಯಜಮಾನ

ಹಿತ್ತಲಲ್ಲಿ ಒಂದು ಬಾದಾಮಿ ಮಾವಿನ ಮರ ಇದ್ದರೆ ಸಾಕು, ಗಂಡಸಿಗೆ ತಾನು ಶ್ರೀನಿವಾಸಪುರದ ಮಂಡಿ ಸಾಹುಕಾರ ಅನ್ನಿಸಿಬಿಡುತ್ತದೆ. ನಿಮ್ಮ ಮನೆಯಲ್ಲಿ ಬರೀ ನಿಂಬೆಗಿಡವೇ ಇರಲಿ, ನಿಮಗೂ ಈ ಕಾಯಿಲೆ ಉಂಟು, ನನಗೆ ಗೊತ್ತು. ರಫ್ತು ತರಬೇತಿಗೆ ಹೋಗಿ ಬಂದ ದಿನವೇ ನನ್ನ ಹೆಸರಿನ ಸ್ಟಿಕ್ಕರ್ ಅಚ್ಚು ಹಾಕಿಸಿದೆ. "ಇನ್ಮೇಲೆ ಇದು ಹಣ್ಣಲ್ಲ ಕಣೇ, ಕನ್ಸೈನ್‌ಮೆಂಟು" ಅಂದೆ.

"ಕೈಕಾಲು ತೊಳ್ಕೊಂಡು ಬನ್ನಿ" ಅಂದಳು ಇವಳು.

ಕಾಯನ್ನು ಉದ್ದ ತೊಟ್ಟು ಬಿಟ್ಟು ಕತ್ತರಿಸಬೇಕು. ಆಮೇಲೆ ತೊಟ್ಟು ತೆಗೆದು, ತಲೆಕೆಳಗಾಗಿಟ್ಟು ಸೊನೆ ಬಸಿಯಬೇಕು. ಸೊನೆ ತಾಗಿದ ಸಿಪ್ಪೆಗೆ ಕಪ್ಪು ಕಲೆ, ಕಲೆಯಾದದ್ದು ರಿಜೆಕ್ಟ್. ಇಷ್ಟನ್ನೂ ಏಣಿಯ ಮೇಲಿಂದ ಮಗನಿಗೆ ಬೋಧಿಸಿದೆ. ಕಾಯಿಗೆ ಒಂದು ಚುಕ್ಕೆಯೂ ಬೀಳಲಿಲ್ಲ, ಸೊನೆಯೆಲ್ಲ ನನ್ನ ಕೆನ್ನೆಗೇ ಸಿಡಿದಿತ್ತು. ಮರುದಿನ ಆಫೀಸಿನಲ್ಲಿ, "ಮನೇಲಿ ಏನಾದ್ರೂ ಜಗಳವಾ ಸಾರ್?" ಅಂತ ಕೇಳದವರೇ ಇಲ್ಲ.

ಹಣ್ಣುನೊಣಕ್ಕೆ ಮೀಥೈಲ್ ಯೂಜಿನಾಲ್ ಬಲೆ ತಂದು ಅಡುಗೆಮನೆ ಕಿಟಕಿಯ ಹತ್ತಿರ ನೇತುಹಾಕಿದೆ. ಆ ವಾಸನೆಗೆ ಬಂದು ಬೀಳುವುದು ಗಂಡು ನೊಣ ಮಾತ್ರ. ಇದನ್ನು ಇವಳಿಗೆ ವಿವರಿಸುವ ಅಗತ್ಯವೇನಿತ್ತೋ! "ಹೆಣ್ಣು ನೊಣಕ್ಕೆ ಬುದ್ಧಿ ಇರುತ್ತೆ ಬಿಡಿ" ಅಂದುಬಿಟ್ಟಳು. ಊರಿನ ಗಂಡು ನೊಣಗಳೆಲ್ಲ ನಮ್ಮ ಒಗ್ಗರಣೆ ಹೊತ್ತಿಗೇ ಸಭೆ ಸೇರತೊಡಗಿದವು.

ಇದೇ ನೊಣದ ಹುಳ ಸಿಕ್ಕಿತೆಂದು 2014ರಲ್ಲಿ ಯುರೋಪಿನವರು ನಮ್ಮ ದೇಶದ ಮಾವಿಗೆ ಬಾಗಿಲು ಮುಚ್ಚಿ, 2015ರಲ್ಲಿ ತೆರೆದರು. ಅಲ್ಲಿಗೆ ಹೋಗುವ ಕಾಯಿಗೆ 48 ಡಿಗ್ರಿ ಬಿಸಿನೀರಿನಲ್ಲಿ 60 ನಿಮಿಷ ಮಜ್ಜನ. ಅಮೆರಿಕಕ್ಕಾದರೆ 400 ಗ್ರೇ ವಿಕಿರಣ ಕೊಡಬೇಕು. ಮನೆಯಲ್ಲಿ ಅಷ್ಟು ಅನುಕೂಲವಿಲ್ಲದ್ದರಿಂದ ಯುರೋಪನ್ನೇ ಆರಿಸಿಕೊಂಡೆ.

ಬಚ್ಚಲ ಹಂಡೆಗೆ ಕಾಯಿ ಇಳಿಸಿ, ಜ್ವರ ನೋಡುವ ಥರ್ಮಾಮೀಟರ್ ಅದ್ದಿದೆ. ಅದು 42ರವರೆಗೆ ಜೊತೆಗಿದ್ದು, ಕೀಂ ಕೀಂ ಅಂದು ಕಣ್ಣು ಮುಚ್ಚಿತು.

"ಮೊಣಕೈ ಅದ್ದಿ ನೋಡೋ, ನಿನಗೆ ಎರೆಯುವಾಗ ನಾನು ಹಾಗೇ ನೋಡ್ತಿದ್ದೆ" ಎಂದರು ಅಮ್ಮ.

"ಅಮ್ಮಾ, ಇದು ಅಂತರರಾಷ್ಟ್ರೀಯ ವಿಷಯ" ಎಂದು ಗದರಿ, ಫೋನ್ ಬಂತೆಂದು ಹೊರಗೆ ಹೋದೆ. ಮಾತು ಮೋದಿಯವರೆಗೂ ಬೆಳೆಯಿತು. ಅಷ್ಟರಲ್ಲಿ ಅಮ್ಮ, ಪಾಪ ಮಗನ ವ್ಯಾಪಾರವೆಂದು, ಒಲೆಗೆ ಇನ್ನೆರಡು ಸೌದೆ ಒಡ್ಡಿದ್ದರು. ಮುಚ್ಚಳ ತೆಗೆದರೆ ಕನ್ಸೈನ್‌ಮೆಂಟು ಮೆತ್ತಗೆ ಬೆಂದಿತ್ತು.

ಇವಳು ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಎಲ್ಲವನ್ನೂ ಕಿವುಚಿ, ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಕುದಿಸಿದಳು. ರಜೆ ಮುಗಿಸಿ ಹೊರಟಿದ್ದ ತಮ್ಮನ ಸೂಟ್‌ಕೇಸಿಗೆ ಬಾಟಲಿಗಳನ್ನು ತುಂಬಿಸಿದಳು. ಅವನಿರುವುದು ಜರ್ಮನಿಯಲ್ಲಿ. ಮುಚ್ಚಳ ಸೋರದಂತೆ ಸುತ್ತಲೂ ಅಂಟಿಸಿದ್ದು ನನ್ನ ಸ್ಟಿಕ್ಕರ್‌ಗಳನ್ನೇ.