ಸಿಹಿ ಎಲ್ಲಮ್ಮಾ?

ಏಪ್ರಿಲ್ ತಿಂಗಳಲ್ಲಿ ಮಾವಿನಕಾಯಿ ರೇಟು ಕೇಳಬಹುದು, ನಿಮ್ಮ ಕಡೆ ಮಳೆ ಬಂತಾ ಎಂದು ಕೇಳಬಹುದು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಮಾತ್ರ "ಸಂಬಳ ಜಾಸ್ತಿ ಆಯ್ತಂತಲ್ಲಾ, ಸಿಹಿ ಎಲ್ಲಮ್ಮಾ?" ಎಂದು ಕೇಳಬಾರದು. ಹಾಲಿನ ಬೂತಿನಲ್ಲಿ ಹಿಂದಿನ ಬೀದಿಯ ಒಬ್ಬಾಕೆಯನ್ನು ಹಾಗೆ ಕೇಳಿದೆ. "ಓನರ್ ಆಂಟಿ ತಿಂದಾಯ್ತು ಸಾರ್" ಎಂದರು. ಬಾಡಿಗೆ ಏರಿತ್ತು. ತುಟ್ಟಿಭತ್ಯೆಯ, ಅಂದರೆ ಡಿಎಯ, ಸುದ್ದಿಯನ್ನು ಬೆಂಗಳೂರಿನ ವಠಾರದ ಓನರುಗಳಷ್ಟು ಶ್ರದ್ಧೆಯಿಂದ ಓದುವವರು ಕಾರ್ಮಿಕ ಇಲಾಖೆಯಲ್ಲೂ ಇರಲಾರರು.

ನನಗೂ ಡಿಎ ಉಂಟು. ಪಿಂಚಣಿಯ ಮೇಲೆ ಜನವರಿಗೊಮ್ಮೆ, ಜುಲೈಗೊಮ್ಮೆ ತಾನಾಗಿ ಏರುತ್ತದೆ. ಆದರೂ ಹೋರಾಡಿ ಗೆದ್ದವನ ಗತ್ತಿನಲ್ಲಿ ಅದೇ ಬೂತಿನೆದುರು ಭಾಷಣ ಬಿಗಿಯುತ್ತೇನೆ. ಹಾಲಿನವನು ಚಿಲ್ಲರೆ ಎಣಿಸುತ್ತಾ ಕೇಳಿಸಿಕೊಳ್ಳುತ್ತಾನೆ. ಪಾಪ, ಒಳ್ಳೆಯವನು.

ಗಾರ್ಮೆಂಟ್ಸ್‌ನ ಆ ಹೆಣ್ಣುಮಗಳ ಡಿಎ ವಿಚಾರವೇ ಬೇರೆ. ಕಳೆದ ವರ್ಷ ಅಕ್ಕಿ, ಬೇಳೆ, ಬಾಡಿಗೆ ಎಷ್ಟೇರಿತೆಂದು ಸೂಚ್ಯಂಕ ನೋಡಿ, ಏಪ್ರಿಲ್ 1ರಿಂದ ಸೇರಿಸುತ್ತಾರೆ. ಮಗುವಿನ ಅಳತೆ ತೆಗೆದು, ವರ್ಷ ಬಿಟ್ಟು ಲಂಗ ಹೊಲಿದುಕೊಟ್ಟ ಹಾಗೆ. ಅಷ್ಟರಲ್ಲಿ ಮಗು ಬೆಳೆದಿರುತ್ತದೆ. ಅಂದರೆ ನಾವು ಸಂಬಳ ಜಾಸ್ತಿ ಎನ್ನುವುದು ಹಳೇ ಬಾಕಿಯ ತೀರುವಳಿ, ಅಷ್ಟೇ. ನಿಜವಾಗಿ ಜಾಸ್ತಿಯಾಗಬೇಕಾದರೆ ಮೂಲವೇತನವೇ ಏರಬೇಕು. ಐದು ವರ್ಷ ಮೀರದಂತೆ ಅದನ್ನು ಪರಿಷ್ಕರಿಸಿ ಎಂದು 1948ರ ಕನಿಷ್ಠ ವೇತನ ಕಾಯ್ದೆ ಹೇಳಿತ್ತು. ಕಾಯ್ದೆಗಳು ಹೇಳುವುದು ಬಹಳ.

2020ರಲ್ಲಿ ಈ ಬಾಕಿಗೂ ಸಂಚಕಾರ ಬಂತು. ಆ ಏಪ್ರಿಲ್‌ನಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ. ಕೊರೋನಾ ಕಾರಣಕ್ಕೆ ವರ್ಷ ಮುಂದಕ್ಕೆ ಹಾಕುತ್ತೇವೆಂದು ಸರ್ಕಾರ ಆದೇಶಿಸಿತು. ಹೈಕೋರ್ಟು ತಡೆ ಕೊಟ್ಟಿತು. ಆದರೂ ಬಹಳಷ್ಟು ಫ್ಯಾಕ್ಟರಿಗಳಲ್ಲಿ ದುಡ್ಡು ಕೈಸೇರುವ ಹೊತ್ತಿಗೆ 2022 ಬಂದಿತ್ತು. ಲೆಕ್ಕದ ಚಟ ಬಿಡದ ನಾನು ಕ್ಯಾಲೆಂಡರಿನ ಹಿಂದೆ ಕೂಡಿಸಿ ಕಳೆದೆ. ಪಿಎಫ್‌ಗೆ ಶೇಕಡಾ 12 ಅಂದರೆ 50 ರೂಪಾಯಿ, ಇಎಸ್‌ಐಗೆ 3, ಉಳಿದದ್ದು 364. ತಿಂಗಳಿಗೆ 26 ದಿನದ ದುಡಿಮೆ ಅಂದರೆ ದಿನಕ್ಕೆ 14 ರೂಪಾಯಿ. ಹದಿನಾಲ್ಕು ರೂಪಾಯಿಗೆ ಹೈಕೋರ್ಟು!

ಡಿಎ ಏರುವ ದಿನವೇ, 2025ರ ಏಪ್ರಿಲ್ 1ರಂದು, ನಂದಿನಿ ಹಾಲೂ ಲೀಟರಿಗೆ 4 ರೂಪಾಯಿ ಏರಿತು. ಅರ್ಧ ಲೀಟರು ತರುವ ಮನೆಗೆ ತಿಂಗಳಿಗೆ 60. ಅದಕ್ಕೂ ಮುಂಚೆ, ಜನವರಿಯಲ್ಲಿ, ಬಸ್ ಚಾರ್ಜು ಶೇಕಡಾ 15 ಜಾಸ್ತಿಯಾಗಿತ್ತು. ಶಕ್ತಿ ಯೋಜನೆಯಿಂದ ಹೆಂಡತಿಗೆ ಟಿಕೆಟ್ ಫ್ರೀ, ಗಂಡನಿಗೆ ದುಬಾರಿ. "ನಮ್ಮ ಮನೇಲಿ ಈಗ ಎಲ್ಲಿಗೇ ಹೋಗ್ಬೇಕಾದ್ರೂ ನಾನೇ ಸಾರ್" ಎಂದು ಹಿಂದಿನ ಬೀದಿಯ ಅದೇ ಹೆಣ್ಣುಮಗಳು ನಕ್ಕರು. ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆ ಕೇಳಿದೆ. ಅದು ಬಂದ ತಿಂಗಳು ಫೀಸಿಗೆ, ಬಾರದ ತಿಂಗಳು ಚೀಟಿಯವರ ಬೈಗುಳಕ್ಕೆ.

ಇನ್ನೊಂದು ತಮಾಷೆ ರೇಷನ್ ಕಾರ್ಡಿನದು. ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ಮೀರಬಾರದೆಂಬ ಗೆರೆ ಎಷ್ಟೋ ವರ್ಷದ್ದು. ತಿಂಗಳಿಗೆ ಹತ್ತು ಸಾವಿರ. ಕನಿಷ್ಠ ವೇತನವನ್ನೇ ಪೂರ್ತಿ ಕೊಟ್ಟರೂ ಬೆಂಗಳೂರಿನಲ್ಲಿ ಒಬ್ಬರ ಸಂಬಳವೇ ಈ ಗೆರೆ ದಾಟುತ್ತದೆ. ಸರ್ಕಾರವೇ ಇಷ್ಟಾದರೂ ಕೊಡಿ ಎನ್ನುತ್ತದೆ, ಕೊಟ್ಟರೆ ಬಡವರಲ್ಲ ಎನ್ನುತ್ತದೆ. ಡಿಎ ಏರಿ ಕಾರ್ಡು ರದ್ದಾದರೆ ಅಕ್ಕಿಯನ್ನು ಅಂಗಡಿಯಲ್ಲಿ ಕೊಳ್ಳಬೇಕು. ಆಗ ಸಂಬಳದ ಚೀಟಿ ದಪ್ಪ, ಸಂಸಾರ ತೆಳು.

ಸರ್ಕಾರವನ್ನು ಬೈಯುವುದು ಸುಲಭ, ಆರೋಗ್ಯಕ್ಕೂ ಒಳ್ಳೆಯದು. ಆದರೆ ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವಾಕೆಗೆ ಈಗ ಕೊಡುತ್ತಿರುವ ದುಡ್ಡು ಯಾವ ವರ್ಷ ಗೊತ್ತುಮಾಡಿದ್ದು? ನಮ್ಮ ಮನೆಯದು ನನಗೆ ನೆನಪಿಲ್ಲ. ಹೆಂಡತಿಗೆ ನೆನಪಿದೆ, ಹೇಳುತ್ತಿಲ್ಲ. ಆ ವರ್ಷ ಹಾಲು ಎಷ್ಟಿತ್ತೆಂದು ವಿಚಾರಿಸಿ, ಈಗ ಎಷ್ಟಾಗಿದೆ ನೋಡಿ, ಅದೇ ಪ್ರಮಾಣದಲ್ಲಿ ಆಕೆಗೂ ಸೇರಿಸಿ. ಒಂದನೇ ತಾರೀಖು ಹತ್ತಿರವೇ ಇದೆ.