ಸ್ಕ್ರೀನ್ ಬಿಟ್ಟು ಪ್ಲಾಂಟ್ ರೂಮಿಗೆ

ನಿಮ್ಮ ಮಗ ಬಿಎಂಎಸ್, ಅಂದರೆ ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಟ್ರೈನಿಂಗಿಗೆ ಸೇರ್ತಾನಂತೆ, ಅತ್ತಿಗೆ ಹೇಳಿದರು. ಒಳ್ಳೇದಾಯ್ತು ಅಣ್ಣಾ. ಸರವಣಂಪಟ್ಟಿಯ ಐಟಿ ಕಟ್ಟಡವಾಗಲಿ, ಅವಿನಾಶಿ ರೋಡಿನ ದೊಡ್ಡ ಆಸ್ಪತ್ರೆಯಾಗಲಿ, ಎಸಿ, ಪಂಪು, ಫ್ಯಾನು, ಲೈಟು ಎಲ್ಲ ಈಗ ಒಂದೇ ಕಂಪ್ಯೂಟರಿನ ಕೈಯಲ್ಲಿ. ನೋಡಿಕೊಂಡು ಕೂರೋರು ಬೇಕಾದಷ್ಟು ಜನ ಸಿಗ್ತಾರೆ. ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕೋರು ಸಿಗೋದು ಕಷ್ಟ. ಹುಡುಗ ಸೇರಲಿ. ದುಡ್ಡು ಕಟ್ಟೋ ಮೊದಲು ಒಂದು ವಿಚಾರಿಸಿಕೊಂಡು ಬರಲಿ: ಅಲ್ಲಿ ಸ್ಕ್ರೀನ್ ತೋರಿಸಿ ಪಾಠ ಮಾಡ್ತಾರೋ, ಬೇಕಂತಲೇ ಕೆಡಿಸಿಟ್ಟ ಪ್ಲಾಂಟ್ ಕೊಟ್ಟು ಹುಡುಕು ಅಂತಾರೋ?

ಕಟ್ಟಡದೊಳಗಿನ ಗಾಳಿ ಹದವಾಗಿಡೋ ಈ ವಿದ್ಯೆ ನಮ್ಮ ಕೊಯಮತ್ತೂರಿಗೆ ಹೊಸದಲ್ಲ. 1888ರಲ್ಲಿ ಸ್ಟೇನ್ಸ್ ಮಿಲ್ಲು ಬಂತು, 1930ರ ದಶಕದಲ್ಲಿ ಪೈಕಾರಾ ಕರೆಂಟ್ ಬಂದ ಮೇಲಂತೂ ಮಿಲ್ಲುಗಳು ಸಾಲುಸಾಲಾಗಿ ಎದ್ದವು. ನಮ್ಮ ದೇವಾಂಗ ನೇಕಾರರ ಮನೆಗಳಲ್ಲಿ ಗುಂಡಿಮಗ್ಗ ಯಾಕಿತ್ತು ಹೇಳಿ? ನೆಲದ ತಂಪು ಹಾಸಿನ ನೂಲಿಗೆ ತಾಕುತ್ತಿತ್ತು. ಗಾಳಿ ಒಣಗಿದರೆ ನೂಲು ಹರಿಯುತ್ತೆ, ತೇವ ಹೆಚ್ಚಾದರೆ ರೋಲರಿಗೆ ಸುತ್ತಿಕೊಳ್ಳುತ್ತೆ. ಹತ್ತಿ ನೂಲೋ ಹಾಲಿಗೆ ಶೇಕಡಾ 55ರಿಂದ 60ರಷ್ಟು ತೇವ ಹಿಡಿದಿಡಬೇಕು. ಮಾರ್ಚ್‌ನಲ್ಲಿ ಹೊರಗಿನ ಗಾಳಿ ಒಣಕಲು, ಆಡಿ ತಿಂಗಳಲ್ಲಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗೋ ಗಾಳಿ ತೇವ. ಹೊರಗಿನ ಗಾಳಿ ಎಷ್ಟು ತಗೋಬೇಕು, ಒಳಗಿಂದೆಷ್ಟು ತಿರುಗಿಸಬೇಕು, ನೀರಿನ ಸ್ಪ್ರೇ ಎಷ್ಟು ಬಿಡಬೇಕು, ಇದನ್ನೆಲ್ಲ ಹ್ಯುಮಿಡಿಫಿಕೇಶನ್ ಪ್ಲಾಂಟ್ ನೋಡಿಕೊಳ್ಳುತ್ತೆ. ಡ್ಯಾಂಪರ್, ಫ್ಯಾನ್, ಪಂಪ್, ಸೆನ್ಸರ್, ಕಂಟ್ರೋಲರ್. ಐಟಿ ಕಟ್ಟಡದಲ್ಲಿ ಇರೋದೂ ಹೆಚ್ಚುಕಮ್ಮಿ ಇವೇ.

ಮಿಲ್ಲಿನಲ್ಲಿ ಇದು ಹೇಗೆ ಕೈಕೊಡುತ್ತೆ ನೋಡಿ. ಸ್ಕ್ರೀನಿನಲ್ಲಿ ತೇವ 58 ಅಂತ ಇರುತ್ತೆ, ಫ್ರೇಮಿನಲ್ಲಿ ನೂಲು ಪಟಪಟ ಹರಿಯುತ್ತೆ. ಹೊಸಬರು ಸೀದಾ ಸೆಟ್‌ಪಾಯಿಂಟ್‌ಗೆ ಕೈಹಾಕ್ತಾರೆ. ಹಳೇ ಫಿಟ್ಟರ್ ಏನು ಮಾಡ್ತಾನೆ? ತಿರುಗಿಸೋ ಸೈಕ್ರೋಮೀಟರ್ ತಗೊಂಡು, ಅದರ ಬತ್ತಿ ಶುದ್ಧ ನೀರಲ್ಲಿ ನೆನೆಸಿ, ಸೆನ್ಸರಿನ ಪಕ್ಕದಲ್ಲೇ ನಿಂತು ಗಿರಗಿರ ತಿರುಗಿಸ್ತಾನೆ. ಒದ್ದೆ ಬಲ್ಬನ್ನೇ ಮೊದಲು ಓದ್ತಾನೆ, ನಿಲ್ಲಿಸಿದ ಕೂಡಲೇ ಅದು ಏರೋಕೆ ಶುರುವಾಗುತ್ತಲ್ಲ. ಒದ್ದೆ 23, ಒಣ 32. ಚಾರ್ಟ್ ನೋಡಿದರೆ ತೇವ 47ರ ಆಸುಪಾಸು. ಸೆನ್ಸರ್ ಬಿಚ್ಚಿದರೆ ತಲೆತುಂಬ ಹತ್ತಿಯ ಧೂಳು. ಹಾಗೆ ಮುಚ್ಚಿಕೊಂಡ ಸೆನ್ಸರ್ ತಡವಾಗಿ ಹೇಳುತ್ತೆ, ಕಂಟ್ರೋಲರ್ ತಡವಾಗಿ ಕೇಳಿಸಿಕೊಳ್ಳುತ್ತೆ, ಸ್ಪ್ರೇ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಅಂತ ಓಲಾಡುತ್ತೆ. ಪ್ರೋಗ್ರಾಂ ತಿದ್ದಿ ಏನು ಪ್ರಯೋಜನ? ಯಂತ್ರ ಹೇಳಿದ್ದನ್ನು ನಂಬೋ ಮೊದಲು ಬೇರೆ ಅಳತೆಗೋಲಿನಿಂದ ನೋಡೋದನ್ನ ಕಲಿಸದ ಟ್ರೈನಿಂಗ್ ನನ್ನ ಲೆಕ್ಕದಲ್ಲಿ ಟ್ರೈನಿಂಗೇ ಅಲ್ಲ.

ಮುಂದಿನದು ಮೀಟರಿನ ಕೆಲಸ. ಸೆನ್ಸರಿನಿಂದ ಬರೋ ಕರೆಂಟ್ 4ರಿಂದ 20 ಮಿಲಿಆಂಪ್. ಸೊನ್ನೆಯಿಂದ ನೂರರ ಅಳತೆಯಾದರೆ 12 ಅಂದರೆ ಸರಿಯಾಗಿ ಅರ್ಧ. ಪೂರ್ತಿ ಸೊನ್ನೆ ತೋರಿಸಿದರೆ ವೈರ್ ಹರಿದಿರಬೇಕು, ಇಲ್ಲ ಸಪ್ಲೈ ಹೋಗಿರಬೇಕು. ಪ್ಯಾನೆಲಿನ ಟರ್ಮಿನಲ್ಲಿನಲ್ಲಿ 12 ಸಿಕ್ಕಿ, ಸ್ಕ್ರೀನ್ 70 ಅಂದರೆ ತೊಂದರೆ ಈಚೆ ಕಡೆ, ಕಾರ್ಡಿನಲ್ಲೋ ಸ್ಕೇಲಿಂಗಿನಲ್ಲೋ. ಒಂದೇ ಅಳತೆಗೆ ಅರ್ಧ ದಾರಿ ಬಿಟ್ಟುಹೋಯ್ತು. ಕಂಟ್ರೋಲರ್‌ಗಳನ್ನು ಜೋಡಿಸೋ ಆರ್‌ಎಸ್-485 ವೈರೂ ಹಾಗೇ. ಎರಡು ತುದಿಗೂ 120 ಓಮ್ ರೆಸಿಸ್ಟರ್ ಇರಬೇಕು. ಪವರ್ ಆಫ್ ಮಾಡಿ ಅಳೆದರೆ ಸುಮಾರು 60 ಬರಬೇಕು. 120 ಬಂದರೆ ಒಂದು ತುದಿಯದು ಇಲ್ಲ, 40 ಬಂದರೆ ಯಾರೋ ನಡುವೆ ಮೂರನೆಯದು ಸೇರಿಸಿದ್ದಾರೆ.

‘ತಿರುಪ್ಪೂರಿಗೆ ಹೋದರೂ ಕೆಲಸ ಸಿಗುತ್ತಾ’ ಅಂತೀರಾ? ಖಂಡಿತ. 2011ರಲ್ಲಿ ಮದ್ರಾಸ್ ಹೈಕೋರ್ಟ್ ನೊಯ್ಯಲ್ ಹೊಳೆಯ ಸಲುವಾಗಿ ಅಲ್ಲಿನ ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿತಲ್ಲ, ಆಮೇಲೆ ಒಂದು ಹನಿಯೂ ಹೊರಬಿಡದ ಹಾಗೆ ನೀರು ಶುದ್ಧಿ ಮಾಡಲೇಬೇಕು. ಆ ಪ್ಲಾಂಟುಗಳಲ್ಲೂ ಇದೇ ಸೆನ್ಸರ್, ಇದೇ ವಾಲ್ವ್, ಇದೇ ಪ್ಯಾನೆಲ್.

ನನಗೆ ನಿಜವಾಗಿ ಸಂಕಟ ಆಗೋದು ಬೇರೆ ವಿಷಯಕ್ಕೆ. ಮಿಲ್ಲುಗಳು ಮುಚ್ಚಿದ ಹಾಗೆ ಈ ಫಿಟ್ಟರ್‌ಗಳು ಮನೆ ಸೇರ್ತಿದ್ದಾರೆ. ಫ್ಯಾನಿನ ಸದ್ದು ಕೇಳಿ ಬೆಲ್ಟ್ ಜಾರ್ತಿದೆ ಅನ್ನೋ ಜನ ಅವರು. 1951ರಿಂದ ಪಿಎಸ್‌ಜಿ ಟೆಕ್, 1956ರಿಂದ ಜವಳಿ ಸಂಶೋಧನೆಯ ಸಿಟ್ರಾ ಇರೋ ಊರು ನಮ್ಮದು. ಇಂಥ ಊರಲ್ಲಿ ಅವರನ್ನು ಕರೆದು ಕೂರಿಸಿ ಮೇಲ್ಮಟ್ಟದ ಪಾಠ ಮಾಡಿಸಬೇಕು. ಬೆಳಗ್ಗೆ ಮೇಷ್ಟ್ರು ಹೋಗಿ ಎರಡು ಕಂಟ್ರೋಲರ್‌ಗೆ ಒಂದೇ ನಂಬರ್ ಕೊಟ್ಟು ಬರಲಿ, ಡ್ಯಾಂಪರಿನ ಕಡ್ಡಿ ಸಡಿಲ ಮಾಡಲಿ, ಪಂಪಿನ ಸ್ವಿಚ್ ‘ಆಟೋ’ದಿಂದ ‘ಹ್ಯಾಂಡ್’ಗೆ ತಿರುಗಿಸಿಡಲಿ. ಸ್ಕ್ರೀನ್ ಡ್ಯಾಂಪರ್ ತೆಗೆದಿದೆ ಅನ್ನುತ್ತೆ, ಹೋಗಿ ನೋಡಿದರೆ ಅದು ಮುಚ್ಚೇ ಇರುತ್ತೆ. ಹುಡುಗರು ಫ್ಯಾನಿನ ಮೇನ್ ಆಫ್ ಮಾಡಿ, ಬೀಗ ಹಾಕಿ, ಒಳಗೆ ಟಾರ್ಚ್ ಬಿಟ್ಟು ನೋಡಲಿ. ಏನು ಅಳೆದೆ, ಎಷ್ಟು ಬಂತು ಅಂತ ಬರೆಯೋವರೆಗೂ ಯಾವ ಸೆಟ್ಟಿಂಗೂ ಮುಟ್ಟಬಾರದು.

ಅಂಥ ಕಡೆ ಫೀಸು ಸ್ವಲ್ಪ ಹೆಚ್ಚಾದರೂ ಕಟ್ಟಿಬಿಡಿ ಅಣ್ಣಾ. ಲ್ಯಾಪ್‌ಟಾಪ್ ಆಮೇಲೆ ಕೊಡಿಸಿ, ಮೊದಲು ಒಂದು ಒಳ್ಳೇ ಮಲ್ಟಿಮೀಟರ್ ಕೊಡಿಸಿ. ಸೈಕ್ರೋಮೀಟರ್ ನಾನು ಕೊಡ್ತೀನಿ.