ರೋಬಸ್ಟಾ ಸಾಲಿನಲ್ಲಿ ತಿಮಿಂಗಿಲ

ಮಳೆ ರಜೆ ಎಂಬುದು ಮಲೆನಾಡಿನ ಅಪ್ಪಂದಿರಿಗೆ ಸರ್ಕಾರ ಕೊಡುವ ಶಿಕ್ಷೆ. ಜುಲೈ ತಿಂಗಳು. ಶಾಲೆಗೆ ಸತತ ಮೂರನೇ ದಿನ ರಜೆ, ಕರೆಂಟು ಹೋಗಿ ನಾಲ್ಕನೇ ದಿನ. ಎರಡನೇ ಕ್ಲಾಸಿನ ಮಗಳು ಕಿಟಕಿ ಪಕ್ಕ ಕೂತು ಕೇಳಿದಳು: "ಅಪ್ಪಾ, ಮಳೇಲಿ ನೆಂದರೆ ಆಕ್ಟೋಪಸ್ಸಿಗೆ ನೆಗಡಿ ಆಗುತ್ತಾ?"

ನನಗೆ ಗೊತ್ತಿರುವ ಸಮುದ್ರವೆಂದರೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಬರುವ ಮೀನಿನ ಗಾಡಿ. ಬಂಗುಡೆ, ಬೂತಾಯಿ, ಕೈಯಲ್ಲಿ ಕಾಸಿದ್ದರೆ ಅಂಜಲ್. ಅಲ್ಲಿಗೆ ನನ್ನ ಕಡಲ ಜ್ಞಾನ ಮುಗಿಯಿತು. ಆದರೂ ಮಗಳೆದುರು ಸೋಲುವುದುಂಟೇ? ಮಕ್ಕಳ ಆಸಕ್ತಿ ಬೆಳೆಸಲು ಗ್ರಂಥಾಲಯಕ್ಕೆ ಕರೆದೊಯ್ಯಬೇಕೆಂದು ಎಲ್ಲೋ ಓದಿದ್ದು ನೆನಪಾಯಿತು. ರೈನ್‌ಕೋಟು ಹಾಕಿಸಿ ಹೊರಟೆ. ಬಾಗಿಲಿಗೆ ಬೀಗ. ಗ್ರಂಥಾಲಯಕ್ಕೆ ಸೋಮವಾರ ರಜೆ ಎಂದು ಬೀದಿಯ ಹೂವಿನ ಹೆಂಗಸಿಗೂ ಗೊತ್ತಿತ್ತು. ನಾನು ಹಿಂದೆ ಅಲ್ಲಿಗೆ ಹೋಗುತ್ತಿದ್ದದ್ದು ಪೇಪರಿನಲ್ಲಿ ಕಾಫಿ ರೇಟು ನೋಡಲು. ಮೊಬೈಲಿಗೆ ರೇಟು ಬರತೊಡಗಿದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಮಂಗಳವಾರ ಮತ್ತೆ ಹೋಗಿ, ಗ್ರಂಥಪಾಲಕರಿಗೆ "ಸಮುದ್ರದ ಪ್ರಾಣಿಗಳ ಬಗ್ಗೆ ಒಂದು ಗಟ್ಟಿ ಪುಸ್ತಕ ಕೊಡಿ ಸಾರ್" ಅಂದೆ.

"ನಿಮಗೋ, ಪಾಪುಗೋ?"

"ಪಾಪುಗೆ."

"ಹಂಗಾದ್ರೆ ಗಟ್ಟೀದೇ ಕೊಡಬಹುದು" ಅಂದರು.

ಕಪಾಟಿನಲ್ಲಿ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಓದಿಸಿಕೊಂಡು ಓದಿಸಿಕೊಂಡು ಬೆನ್ನು ಸವೆದು ಕೂತಿತ್ತು. ಇದೇ ಊರಲ್ಲಿ ಕಾಫಿ ತೋಟ ಮಾಡಿಕೊಂಡಿದ್ದೇ ಆ ಮನುಷ್ಯ ಅಂಡಮಾನಿನ ಕಡಲು ನೋಡಿ ಬಂದು ಪುಸ್ತಕ ಬರೆದರು. ನಾನೂ ಕಾಫಿ ತೋಟದವನೇ; ಹೋಲಿಕೆ ಅಲ್ಲಿಗೇ ನಿಲ್ಲಲಿ. ಮಗಳಿಗೆ ಅದು ಇನ್ನೂ ದೊಡ್ಡದಾಯಿತೆಂದು ಗ್ರಂಥಪಾಲಕರು ಬಣ್ಣದ ಚಿತ್ರದ ಇನ್ನೊಂದು ಪುಸ್ತಕ ತೆಗೆದುಕೊಟ್ಟರು. ನಾನು ಅದನ್ನು ತೆರೆಯುವ ಮೊದಲೇ, ಎಲ್ಲರಿಗೂ ಕೇಳುವಂತೆ, "ನೋಡು ಪುಟ್ಟಿ, ತಿಮಿಂಗಿಲ ಪ್ರಪಂಚದ ಅತಿ ದೊಡ್ಡ ಮೀನು" ಅಂದೆ. ಎದುರು ಕೂತಿದ್ದ ಹಿರಿಯರ ಪೇಪರು ಎರಡಿಂಚು ಕೆಳಗಿಳಿಯಿತು. ಮಗಳು ಬೆರಳಿಟ್ಟು ಓದಿದಳು: ತಿಮಿಂಗಿಲ ಮೀನಲ್ಲ. ಮರಿಗೆ ಹಾಲೂಡಿಸುತ್ತದೆ, ಉಸಿರಾಡಲು ನೀರಿನ ಮೇಲೆ ಬರುತ್ತದೆ. ಪೇಪರು ಮತ್ತೆ ಮೇಲೇರಿತು. ಅದರ ಹಿಂದೆ ಭುಜಗಳು ಕುಲುಕುತ್ತಿದ್ದವು.

ಮಾನ ಉಳಿಸಿಕೊಳ್ಳಲು ಮನೆಗೆ ಬಂದು ಪ್ರಾಯೋಗಿಕ ಪಾಠಕ್ಕಿಳಿದೆ. ನೀಲಿ ತಿಮಿಂಗಿಲ 30 ಮೀಟರ್‌ವರೆಗೂ ಬೆಳೆಯುತ್ತದಂತೆ, ಅಂದರೆ ಹೆಚ್ಚೂಕಮ್ಮಿ ನೂರಡಿ. ನಮ್ಮ ರೋಬಸ್ಟಾ ಕಾಫಿ ಗಿಡ ಹತ್ತಡಿಗೊಂದು. ಹನ್ನೊಂದು ಗಿಡಕ್ಕೆ ಒಂದು ತಿಮಿಂಗಿಲ! ಹಗ್ಗ ಹಿಡಿದು ಮಳೆಯಲ್ಲೇ ತೋಟಕ್ಕಿಳಿದೆವು. ಮಗಳು ಮೊದಲನೇ ಗಿಡದ ಬುಡದಲ್ಲಿ ಬಾಯಿ, ನಾನು ಬಾಲ. ಎಂಟನೇ ಗಿಡಕ್ಕೆ ನಮ್ಮ ಬೇಲಿ ಮುಗಿಯಿತು. ವಿಜ್ಞಾನಕ್ಕೆ ಬೇಲಿಯೇ? ನುಸುಳಿದೆ. ಕಾಲಿಗೆ ಹತ್ತಿದ ಇಂಬಳ ಕೀಳುತ್ತಿದ್ದಾಗ ಪಕ್ಕದ ತೋಟದವರು ಕೊಡೆ ಹಿಡಿದು ಮುಂದೆ ನಿಂತಿದ್ದರು.

"ಏನ್ ಗೌಡ್ರೇ, ಬೇಲಿ ಈಚೆಗೆ ತರೋ ಯೋಚನೆಯಾ?"

"ಇಲ್ಲ ಮಾರಾಯ್ರೇ, ತಿಮಿಂಗಿಲ."

ಅವರು ಹಗ್ಗ ನೋಡಿದರು, ನನ್ನ ಮುಖ ನೋಡಿದರು. "ತಿಮಿಂಗಿಲ ಆದ್ರೂ ಅಷ್ಟೇ, ಸರ್ವೆ ಮಾಡಿಸ್ಕೊಂಡೇ ಬರ್ಬೇಕು."

ಆ ರಾತ್ರಿ ನನಗೆ ನೆಗಡಿ. ಮಗಳು ಹಾಸಿಗೆ ಪಕ್ಕ ಕೂತು ಓದಿದ್ದನ್ನು ಹೇಳಿದಳು: ಆಕ್ಟೋಪಸ್ಸಿಗೆ ಮೂರು ಹೃದಯ, ರಕ್ತ ನೀಲಿ. ಮೂಗಿಲ್ಲ, ಹಾಗಾಗಿ ನೆಗಡಿಯ ಪ್ರಶ್ನೆಯೇ ಇಲ್ಲ. ಕಡಲ್ಗುದುರೆಯಲ್ಲಿ ಗಂಡೇ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಹೊತ್ತು ಮರಿ ಹಾಕುತ್ತದೆ. ಕಷಾಯ ತಂದ ಹೆಂಡತಿ, "ಇವರಿಗೆ ನೆಗಡೀನೇ ತಡ್ಕೊಳ್ಳೋಕಾಗಲ್ಲ" ಅಂದು ಹೋದಳು.

ಪುಸ್ತಕದ ಗತಿ ಹೇಳಲು ಮರೆತೆ. ತಿಮಿಂಗಿಲದ ಅಳತೆ ನೋಡಲು ಅದನ್ನು ತೋಟಕ್ಕೆ ಒಯ್ದಿದ್ದೆನಲ್ಲ, ನೆಂದು ಇಡ್ಲಿಯಂತೆ ಉಬ್ಬಿತ್ತು. ಹೆಂಡತಿಗೆ ಕಾಣದಂತೆ ಬಚ್ಚಲ ಒಲೆಯ ಮೇಲಿನ ತಂತಿಗೆ ನೇತು ಹಾಕಿದೆ. ಜೂನ್, ಜುಲೈಯಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ನಿಷೇಧ, ಗಾಡಿಯಲ್ಲಿ ಹಸಿಮೀನು ಅಪರೂಪ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಮನೆಯ ಒಣಬಂಗುಡೆ ಬೆಚ್ಚಗಿರುವುದೂ ಅದೇ ತಂತಿಯ ಮೇಲೆ. ಮೂರು ದಿನ ಪುಸ್ತಕವೂ ಬಂಗುಡೆಯೂ ಒಂದೇ ಹೊಗೆ ಕುಡಿದವು.

ಹಿಂತಿರುಗಿಸಲು ಹೋದಾಗ ಗೋಡೆಯ ನಕ್ಷೆ ತೋರಿಸಿ ಕೊನೆಯ ಪ್ರಯತ್ನ ಮಾಡಿದೆ: "ಸಮುದ್ರ ಇಲ್ಲೇ ನೂರು ಚಿಲ್ಲರೆ ಕಿಲೋಮೀಟರು. ನಮ್ಮ ಹಳ್ಳದಲ್ಲಿ ಕಾಗದದ ದೋಣಿ ಬಿಟ್ಟರೆ ಸೀದಾ ಮಂಗಳೂರು." ಮಗಳು ಸ್ಟೂಲು ಹತ್ತಿ ನೀಲಿ ಗೆರೆ ಹಿಡಿದು ಹೊರಟಳು. ನಮ್ಮ ಹಳ್ಳ ಸೇರುವುದು ಹೇಮಾವತಿಗೆ. ಹೇಮಾವತಿ ಕನ್ನಂಬಾಡಿಯಲ್ಲಿ ಕಾವೇರಿಗೆ, ಕಾವೇರಿ ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ. ದೋಣಿ ಹೋಗುವುದು ಪೂರ್ತಿ ಉಲ್ಟಾ ದಿಕ್ಕಿಗೆ. ಅದೇ ಹಿರಿಯರು ಅವತ್ತೂ ಇದ್ದರು. ಈ ಸಲ ಪೇಪರು ಮಡಿಸಿಟ್ಟೇ ನಕ್ಕರು.

ಗ್ರಂಥಪಾಲಕರು ಪುಸ್ತಕ ತೆರೆದರು, ಮೂಗಿಗೆ ಹಿಡಿದರು, ನನ್ನನ್ನು ನೋಡಿದರು. "ವಿಷಯಕ್ಕೆ ತಕ್ಕ ವಾಸನೆ ಬಂದಿದೆ" ಅಂದು ಕಪಾಟಿಗೆ ಸೇರಿಸಿದರು. ಮೂಡಿಗೆರೆ ಕಡೆಯ ಯಾರಾದರೂ ಅದನ್ನು ಮನೆಗೊಯ್ದರೆ ದಯವಿಟ್ಟು ಬೆಕ್ಕಿನಿಂದ ದೂರ ಇಡಿ.